ವಶೀಲಿ, ಛಲ ಮತ್ತು ಹಂಗು: ಕನ್ನಡ ಕಥನಗಳಲ್ಲಿ ಪದವೀಧರನ ಉದ್ಯೋಗಾನ್ವೇಷಣೆ

1

ಕಚೇರಿಯ ಕನ್ನಡವು ಉದ್ಯೋಗ ಬೇಡಿ ಬಂದವನನ್ನು ಬಹುಕಾಲ 'ಉಮೇದುವಾರ' ಎಂದು ಕರೆಯಿತು. ಪಾರಸಿಯಿಂದ ಬಂದ ಈ ಪದದ ಮೂಲಾರ್ಥ ಆಸೆಯುಳ್ಳವನು, ಭರವಸೆ ಇಟ್ಟುಕೊಂಡವನು ಎಂದು. ಅವನು ಸಲ್ಲಿಸುವ 'ಅರ್ಜಿ', ಅವನ ಕೈಯಲ್ಲಿರುವ 'ಶಿಫಾರಸು', ಅವನ ಬೆನ್ನಿಗೆ ಇರುವ ಅಥವಾ ಇಲ್ಲದಿರುವ 'ವಶೀಲಿ', ಮೊದಲಿಗೆ ದೊರೆಯುವ 'ಹಂಗಾಮಿ' ಕೆಲಸ, ಕೊನೆಗೆ ಬಯಸುವ 'ಕಾಯಂ' ನೌಕರಿ ಇವೆಲ್ಲವೂ ಅರಬಿ ಮತ್ತು ಪಾರಸಿ ಮೂಲದಿಂದ ಆಡಳಿತದ ದಾರಿಯಾಗಿ ಕನ್ನಡಕ್ಕೆ ಬಂದ ಪದಗಳು. ಆದರೆ ಹೀಗೆ ಪಡೆದ ಸಹಾಯವು ಮನಸ್ಸಿನ ಮೇಲೆ ಉಳಿಸಿಹೋಗುವ ಭಾರವನ್ನು ಹೇಳಬೇಕಾದಾಗ ಕನ್ನಡವು ಎರವಲು ಪದವನ್ನು ಅರಸುವುದಿಲ್ಲ. ಅದಕ್ಕೆ 'ಹಂಗು' ಎಂಬ ತನ್ನದೇ ಪದವಿದೆ. ವಿಧಾನವು ಹೊರಗಿನದು, ವೇದನೆಯು ಒಳಗಿನದು ಎಂಬಂತಿರುವ ಈ ಪದವಿಂಗಡಣೆ ಕೇವಲ ಭಾಷಿಕ ಕುತೂಹಲದ ಸಂಗತಿಯಲ್ಲ. ಪದವಿ ಮುಗಿಸಿದ ತರುಣನ ಉದ್ಯೋಗಾನ್ವೇಷಣೆಯನ್ನು ಕನ್ನಡ ಕಥನಗಳು ಹೇಗೆ ಗ್ರಹಿಸಿವೆ ಎಂಬುದಕ್ಕೆ ಅದು ಒಂದು ಪ್ರವೇಶದ್ವಾರವಾಗಿದೆ.

ಈ ಅನ್ವೇಷಣೆಯನ್ನು ಕುರಿತು ನಮ್ಮ ಸಮಾಜದಲ್ಲಿ ಎರಡು ಸಂಕಥನಗಳು ಚಾಲ್ತಿಯಲ್ಲಿವೆ. ಮೊದಲನೆಯದು ವಶೀಲಿಯ ಸಂಕಥನ: ಬಲ್ಲವರಿದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ. 'ದೇವರು ವರ ಕೊಟ್ಟರೂ ಪೂಜಾರಿ ಕೊಡ' ಎಂಬ ಗಾದೆ ಇದರ ಸಾರ. ಎರಡನೆಯದು ಛಲದ ಸಂಕಥನ: ಪಟ್ಟು ಬಿಡದೆ ಪ್ರಯತ್ನಿಸಿದವನಿಗೆ ಬಾಗಿಲು ತೆರೆದೇ ತೀರುತ್ತದೆ. ಸಂಸ್ಕೃತದಲ್ಲಿ ವಂಚನೆ ಎಂಬ ಅರ್ಥವುಳ್ಳ 'ಛಲ'ವು ಕನ್ನಡದಲ್ಲಿ ದೃಢಸಂಕಲ್ಪವೆಂಬ ಅರ್ಥವನ್ನು ಪಡೆದುಕೊಂಡಿತು. ಪಂಪನ ಕಾವ್ಯದಲ್ಲಿ ಅದು ದುರ್ಯೋಧನನಂಥವನಿಗೂ ಗೌರವ ತಂದುಕೊಡುವ ಗುಣವಾಗಿದೆ. ಈ ಎರಡು ಸಂಕಥನಗಳನ್ನು ನಾವು ಸಾಮಾನ್ಯವಾಗಿ ಪರಸ್ಪರ ವಿರುದ್ಧವೆಂದು ಭಾವಿಸುತ್ತೇವೆ. ಒಂದು ಅನ್ಯಾಯದ ದಾರಿ, ಇನ್ನೊಂದು ನ್ಯಾಯದ ದಾರಿ. ಒಂದು ಪರಾವಲಂಬನೆ, ಇನ್ನೊಂದು ಸ್ವಾವಲಂಬನೆ.

ಪ್ರಸ್ತುತ ಲೇಖನದ ವಾದ ಬೇರೆ. ಕನ್ನಡದ ಕೆಲವು ಮುಖ್ಯ ಕಾದಂಬರಿ ಮತ್ತು ಆತ್ಮಕಥನಗಳನ್ನು ಎಚ್ಚರದಿಂದ ಓದಿದರೆ ಛಲ ಮತ್ತು ವಶೀಲಿ ವಿರುದ್ಧ ಪದಗಳಾಗಿ ಉಳಿಯುವುದಿಲ್ಲ. ಛಲವೆಂದರೆ ಕಾಯುವ ಶಕ್ತಿ. ಕಾಯುವುದಕ್ಕೆ ಅನ್ನ ಬೇಕು, ಮಲಗಲು ಜಾಗ ಬೇಕು, ಮತ್ತೊಂದು ವರ್ಷ ಕಳೆಯಲು ಯಾರಾದರೂ ಒಪ್ಪಿಗೆ ಕೊಡಬೇಕು. ಇವುಗಳನ್ನು ಒದಗಿಸುವುದು ಯಾವುದೋ ಒಂದು ನಂಟು. ಆದ್ದರಿಂದ ಯಾರು ವಶೀಲಿಯಿಂದ ಬಂದರು, ಯಾರು ಛಲದಿಂದ ಬಂದರು ಎಂಬುದಕ್ಕಿಂತ, ಯಾರ ಛಲಕ್ಕೆ ಯಾರು ವೆಚ್ಚ ತೆತ್ತರು ಎಂಬ ಪ್ರಶ್ನೆ ಹೆಚ್ಚು ಮೂಲಭೂತವಾದುದು.

2

ಪಠ್ಯಗಳಿಗೆ ಹೋಗುವ ಮುನ್ನ ಐತಿಹಾಸಿಕ ಹಿನ್ನೆಲೆಯನ್ನು ಸಂಕ್ಷೇಪವಾಗಿ ಗಮನಿಸಬೇಕು. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ. ಅದರ ಮರುವರ್ಷವೇ, ಅಂದರೆ 1917ರಲ್ಲಿ, ಪ್ರಜಾಮಿತ್ರ ಮಂಡಳಿ ರೂಪುಗೊಂಡಿತು. ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರ ಪ್ರಾತಿನಿಧ್ಯ ಅದರ ಮುಖ್ಯ ಬೇಡಿಕೆಗಳಲ್ಲಿ ಒಂದು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. 1919ರಲ್ಲಿ ಅದು ವರದಿ ಸಲ್ಲಿಸಿತು. ದಿವಾನ ವಿಶ್ವೇಶ್ವರಯ್ಯನವರಿಗೆ ಈ ವಿಷಯದಲ್ಲಿದ್ದ ಭಿನ್ನಾಭಿಪ್ರಾಯ ಸುಪರಿಚಿತ. ಅರ್ಹತೆಯೊಂದೇ ಮಾನದಂಡವಾಗಬೇಕೆಂಬುದು ಅವರ ನಿಲುವು. ಅರ್ಹತೆಯನ್ನು ಗಳಿಸಿಕೊಳ್ಳುವ ಅವಕಾಶವೇ ಕೆಲವರ ಮನೆಗಳಲ್ಲಿ ಶೇಖರವಾಗಿದೆ ಎಂಬುದು ಎದುರು ಪಕ್ಷದ ನಿಲುವು.

ಈ ವಾಗ್ವಾದವನ್ನು ನಾವು ಸಾಮಾನ್ಯವಾಗಿ ಜಾತಿ ರಾಜಕಾರಣದ ಚರಿತ್ರೆಯಲ್ಲಿ ಓದುತ್ತೇವೆ. ಉದ್ಯೋಗಾನ್ವೇಷಣೆಯ ಚರಿತ್ರೆಯಾಗಿ ಓದಿದರೆ ಇನ್ನೊಂದು ಅರ್ಥ ಹೊಳೆಯುತ್ತದೆ. ಸ್ಪರ್ಧಾ ಪರೀಕ್ಷೆ ಮತ್ತು ಮೀಸಲಾತಿ ಇವೆರಡೂ ವಶೀಲಿಗೆ ಕೊಟ್ಟ ಉತ್ತರಗಳೇ. ಪರೀಕ್ಷೆಯು ಶಿಫಾರಸು ಪತ್ರವನ್ನು ಅನಗತ್ಯಗೊಳಿಸಲು ಹೊರಟಿತು. ಪರೀಕ್ಷೆಯ ಹಿಂದೆಯೂ ಒಂದು ಅದೃಶ್ಯ ಶಿಫಾರಸು ಇದೆಯೆಂದು ಕಂಡುಕೊಂಡು ಅದನ್ನು ಸರಿದೂಗಿಸಲು ಮೀಸಲಾತಿ ಹೊರಟಿತು. ಆ ಅದೃಶ್ಯ ಶಿಫಾರಸು ಯಾವುದೆಂದರೆ ಓದಿದ ತಂದೆ, ಪಟ್ಟಣದಲ್ಲಿ ಮನೆ, ಕಚೇರಿಯ ಭಾಷೆಯ ಪರಿಚಯ, ಇವಲ್ಲದೆ ಯಾವ ಹುದ್ದೆ ಯಾವಾಗ ಖಾಲಿಯಾಗುತ್ತದೆ ಎಂಬ ಸುದ್ದಿ.

3

ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' 1940ರ ದಶಕದ ಆರಂಭದಲ್ಲಿ ಪ್ರಕಟವಾದ ಕಾದಂಬರಿ. ಕೋಡಿಯ ರಾಮ ಐತಾಳ, ಅವನ ಮಗ ಲಚ್ಚ, ಮೊಮ್ಮಗ ರಾಮ ಎಂಬ ಮೂರು ತಲೆಮಾರುಗಳ ಈ ಕಥೆಯನ್ನು ಕಡಲು ಮತ್ತು ಮಣ್ಣಿನ ಕಥೆಯಾಗಿ, ಹೆಣ್ಣುಮಕ್ಕಳ ಸಹನೆಯ ಕಥೆಯಾಗಿ ಸಾಕಷ್ಟು ಚರ್ಚಿಸಲಾಗಿದೆ. ಇಂಗ್ಲಿಷ್ ಶಿಕ್ಷಣದ ಮಾರುಕಟ್ಟೆ ಬೆಲೆ ಏನು ಎಂಬ ಪ್ರಶ್ನೆಯನ್ನು ಎತ್ತುವ ಆರಂಭದ ಕನ್ನಡ ಕಾದಂಬರಿಗಳಲ್ಲಿ ಅದೂ ಒಂದು ಎಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಮಗನನ್ನು ಇಂಗ್ಲಿಷ್ ಓದಿಸಬೇಕೆಂಬ ರಾಮ ಐತಾಳನ ಹಠದ ಹಿಂದೆ ನೆರೆಯ ಶೀನ ಮಯ್ಯನೊಡನೆ ಇರುವ ಪೈಪೋಟಿಯಿದೆ. ಶೀನ ಮಯ್ಯನ ಮಕ್ಕಳು ಬೆಂಗಳೂರಿಗೆ ಹೋಗಿ ಹೋಟೆಲು ನಡೆಸಿ ಹಣ ಮಾಡಿದವರು. ಇಲ್ಲಿ ಎರಡು ದಾರಿಗಳು ಎದುರುಬದುರಾಗಿ ನಿಲ್ಲುತ್ತವೆ. ಹೋಟೆಲಿನ ದಾರಿ ಊರಿನ ನಂಟಿನ ಮೇಲೆ ನಿಂತದ್ದು. ಕರಾವಳಿಯಿಂದ ಬೆಂಗಳೂರು, ಮದರಾಸು, ಮುಂಬಯಿಗಳಿಗೆ ಹೋದ ಹುಡುಗರು ಮೊದಲು ತಮ್ಮೂರಿನವರ ಅಡುಗೆಮನೆಯಲ್ಲಿ ಮಲಗಿ, ಲೋಟ ತೊಳೆದು, ನಂತರ ಗಲ್ಲೆಯ ಬಳಿಗೆ ಬಂದವರು. ಆ ದಾರಿಯಲ್ಲಿ ಪ್ರಮಾಣಪತ್ರ ಬೇಕಿಲ್ಲ. ಯಾರ ಮನೆಯ ಹುಡುಗ ಎಂಬುದು ತಿಳಿದಿದ್ದರೆ ಸಾಕು. ಓದಿನ ದಾರಿಯಾದರೋ ಊರಿನ ನಂಟನ್ನು ಬಿಟ್ಟು, ಇನ್ನೂ ಹುಟ್ಟದಿರುವ ಕಚೇರಿಯ ನಂಟನ್ನು ನಂಬಿ ಹೊರಟದ್ದು.

ಮೊಮ್ಮಗ ರಾಮ ಮದರಾಸಿನಲ್ಲಿ ಓದುತ್ತಾನೆ, ಸ್ವಾತಂತ್ರ್ಯ ಚಳವಳಿಗೆ ಇಳಿದು ಸೆರೆಮನೆ ಕಾಣುತ್ತಾನೆ, ಮತ್ತೆ ಪದವಿ ಮುಗಿಸುತ್ತಾನೆ, ಬದುಕನ್ನರಸಿ ಮುಂಬಯಿಗೂ ಹೋಗುತ್ತಾನೆ. ಅವನಲ್ಲಿ ಛಲದ ಕೊರತೆಯಿಲ್ಲ, ಪ್ರತಿಭೆಯ ಕೊರತೆಯೂ ಇಲ್ಲ. ಪದವಿಯು ಅವನನ್ನು ಹೋಟೆಲಿನ ಅಡುಗೆಮನೆಯ ನಂಟಿನಿಂದ ಹೊರಗೆ ತಂದಿದೆ. ಆದರೆ ಕಚೇರಿಯ ಮೇಜಿನ ನಂಟಿನೊಳಕ್ಕೆ ಸೇರಿಸಿಲ್ಲ. ಓದದಿದ್ದರೆ ದೊರೆಯಬಹುದಾಗಿದ್ದ ಕೆಲಸ ಓದಿದ್ದರಿಂದ ದೊರೆಯದಂತಾಗಿದೆ. ಪದವೀಧರನ ನಿರುದ್ಯೋಗದ ಒಂದು ವಿಶಿಷ್ಟ ವೈರುಧ್ಯ ಇದು: ಅವನು ಸುಮ್ಮನೆ ಕೆಲಸವಿಲ್ಲದವನಲ್ಲ, ಎರಡು ನಂಟುಗಳ ನಡುವೆ ಜಾರಿಬಿದ್ದವನು.

ರಾಮನ ಮರಳುವಿಕೆಯನ್ನು ಮಣ್ಣಿನ ಕರೆಯೆಂದೋ, ಆದರ್ಶದ ವಿಜಯವೆಂದೋ ಓದುವುದು ವಾಡಿಕೆ. ಕಾದಂಬರಿಯ ಶೀರ್ಷಿಕೆಯೇ ಅಂಥ ಓದಿಗೆ ಎಡೆಮಾಡಿಕೊಡುತ್ತದೆ. ಆದರೆ ಅವನು ಎಲ್ಲಿಗೆ ಮರಳುತ್ತಾನೆ ಎಂಬುದನ್ನು ಗಮನಿಸಬೇಕು. ತಾಯಿ ನಾಗವೇಣಿ ತನ್ನ ಸಂಸಾರದ ದುರಂತದ ನಡುವೆಯೂ ಕೈಬಿಡದೆ ಉಳಿಸಿಕೊಂಡ ನೆಲೆಗೆ ಅವನು ಮರಳುತ್ತಾನೆ. ಅವಳಿಗೂ ಮುಂಚೆ ಪಾರ್ವತಿ, ಸರಸೋತಿಯಂಥವರ ದುಡಿಮೆ ಆ ನೆಲೆಯನ್ನು ಕಟ್ಟಿದೆ. ರಾಮನಿಗೆ ಸೋಲುವ ಸ್ವಾತಂತ್ರ್ಯ ಸಿಕ್ಕಿದ್ದು ಈ ಹೆಣ್ಣುಗಳ ಶ್ರಮದಿಂದ. ಅವನು ಓದಿದ ವರ್ಷಗಳು, ಅಲೆದ ತಿಂಗಳುಗಳು, ಮರಳಿ ಬಂದಾಗ ಕಾಲೂರಲು ಉಳಿದಿದ್ದ ಮಣ್ಣು ಎಲ್ಲವೂ ಯಾವ ಅರ್ಜಿಯಲ್ಲಿಯೂ ನಮೂದಾಗದ ಒಂದು ಸಾಲ. ಛಲಕ್ಕೆ ವೆಚ್ಚ ತೆತ್ತವರು ಯಾರು ಎಂಬ ನಮ್ಮ ಪ್ರಶ್ನೆಗೆ ಕನ್ನಡ ಕಾದಂಬರಿ ಕೊಡುವ ಮೊದಲ ಸ್ಪಷ್ಟ ಉತ್ತರಗಳಲ್ಲಿ ಇದೊಂದು: ಮನೆಯ ಹೆಂಗಸರು.

4

ಕಾದಂಬರಿಯಿಂದ ಆತ್ಮಕಥನಕ್ಕೆ ಬಂದಾಗ ಪ್ರಶ್ನೆಯ ಸ್ವರೂಪ ಬದಲಾಗುತ್ತದೆ. ಎಸ್. ಎಲ್. ಭೈರಪ್ಪನವರ 'ಭಿತ್ತಿ' (1996) ಛಲದ ಸಂಕಥನಕ್ಕೆ ಕನ್ನಡದಲ್ಲಿರುವ ಪ್ರಬಲ ನಿದರ್ಶನಗಳಲ್ಲಿ ಒಂದು. ಬಾಲ್ಯದಲ್ಲಿ ಪ್ಲೇಗು ತಾಯಿಯನ್ನೂ ಒಡಹುಟ್ಟಿದವರನ್ನೂ ಕಸಿದುಕೊಂಡ ಮೇಲೆ, ಭಿಕ್ಷಾನ್ನ ವಾರಾನ್ನಗಳಲ್ಲಿ ಬೆಳೆದು, ಸಿನಿಮಾ ಟೆಂಟಿನ ಬಾಗಿಲು ಕಾದು, ಮುಂಬಯಿಯ ರೈಲು ನಿಲ್ದಾಣದಲ್ಲಿ ಹಮಾಲಿ ಮಾಡಿ, ಮತ್ತೆ ಓದಿಗೆ ಮರಳಿ, ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಸ್ನಾತಕೋತ್ತರ ಪದವಿಯನ್ನು ಚಿನ್ನದ ಪದಕದೊಂದಿಗೆ ಪಡೆದು, 1958ರಲ್ಲಿ ಹುಬ್ಬಳ್ಳಿಯ ಕಾಲೇಜಿನಲ್ಲಿ ಅಧ್ಯಾಪಕರಾದವರ ಕಥನವಿದು. ಇದನ್ನು ಓದಿದ ಯಾರಿಗಾದರೂ ಛಲದ ಮಹಿಮೆಯಲ್ಲಿ ನಂಬಿಕೆ ಹುಟ್ಟುವುದು ಸಹಜ. ಆ ನಂಬಿಕೆಯನ್ನು ಅಲ್ಲಗಳೆಯುವುದು ಈ ಲೇಖನದ ಉದ್ದೇಶವಲ್ಲ.

ಆದರೆ ವಾರಾನ್ನವೆಂಬ ವ್ಯವಸ್ಥೆಯ ಕಡೆಗೆ ಒಂದು ಕ್ಷಣ ನೋಡಬೇಕು. ವಾರದ ಒಂದೊಂದು ದಿನಕ್ಕೆ ಒಂದೊಂದು ಮನೆಯ ಊಟವನ್ನು ಗೊತ್ತುಮಾಡಿಕೊಂಡು ಬಡ ವಿದ್ಯಾರ್ಥಿ ಓದುವ ಈ ಏರ್ಪಾಡು ಹಳೆಯ ಮೈಸೂರಿನ ಪಟ್ಟಣಗಳಲ್ಲಿ ಹಲವು ತಲೆಮಾರುಗಳನ್ನು ಪೊರೆಯಿತು. ಅದು ಉದಾರವಾದದ್ದು, ಅನೇಕರಿಗೆ ಜೀವದಾನ ಮಾಡಿದ್ದು. ಜೊತೆಗೆ ಅದು ಅವಮಾನವನ್ನೂ ಒಳಗೊಂಡದ್ದು. ಹಂಗಿನ ಅನ್ನದ ಕಹಿಯನ್ನು ಅದನ್ನುಂಡವರು ಮರೆತಿಲ್ಲ. ಬಹುಮಟ್ಟಿಗೆ ಅದು ಜಾತಿಯ ಗೆರೆಯೊಳಗಿನ ಏರ್ಪಾಡು ಎಂಬುದೂ ಅಷ್ಟೇ ನಿಜ. ಪಂಕ್ತಿಯಲ್ಲಿ ಕುಳಿತುಕೊಳ್ಳಲು ಅರ್ಹನಾದವನಿಗೆ ಮಾತ್ರ ಆ ಏಳು ಮನೆಗಳ ಬಾಗಿಲು ತೆರೆಯುತ್ತಿತ್ತು. ಹಾಗಾದರೆ ವಾರಾನ್ನದ ವಿದ್ಯಾರ್ಥಿಯ ಛಲ ಅವನ ಸ್ವಂತದ್ದೇ? ಹೌದು, ಸ್ವಂತದ್ದೇ, ಅವನಂತೆ ಏಳು ಮನೆಗಳಿದ್ದೂ ಓದದವರು ಅನೇಕರಿದ್ದರು. ಆದರೆ ಅಷ್ಟೇ ಛಲವಿದ್ದು ಏಳು ಮನೆಗಳಿಲ್ಲದಿದ್ದವನ ಕಥೆ ನಮಗೆ ಸಿಗುವುದಿಲ್ಲ.

ಇಲ್ಲಿ ಪ್ರಕಾರದ ಪ್ರಶ್ನೆಯೊಂದು ಎದುರಾಗುತ್ತದೆ. ಆತ್ಮಕಥನವನ್ನು ಬರೆಯುವವರು, ಪ್ರಕಾಶಕರು ಅಚ್ಚುಹಾಕುವವರು, ಗ್ರಂಥಾಲಯಗಳು ಕೊಳ್ಳುವವರು ಬಹುತೇಕ ಗೆದ್ದವರೇ. ಹತ್ತು ವರ್ಷ ಅರ್ಜಿ ಹಾಕಿ ಹನ್ನೊಂದನೆಯ ವರ್ಷ ಕೈಬಿಟ್ಟವನು ಆತ್ಮಕಥನ ಬರೆಯುವುದು ಅಪರೂಪ. ಆದ್ದರಿಂದ ಆತ್ಮಕಥನಗಳನ್ನು ಮಾತ್ರ ಸಾಕ್ಷ್ಯವಾಗಿಟ್ಟುಕೊಂಡರೆ ಛಲಕ್ಕೆ ಫಲ ಸಿಕ್ಕೇ ಸಿಗುತ್ತದೆ ಎಂಬ ತೀರ್ಮಾನಕ್ಕೆ ಬರುವುದು ಅನಿವಾರ್ಯವಾಗುತ್ತದೆ. ಅದು ಆ ಪ್ರಕಾರದ ಗುಣ, ಲೋಕದ ಗುಣವಲ್ಲ. ಸೋತವನಿಗೆ ಜಾಗ ಕೊಡಬಲ್ಲ ಪ್ರಕಾರ ಕಾದಂಬರಿ. 'ಮರಳಿ ಮಣ್ಣಿಗೆ'ಯ ರಾಮನಿಗೂ 'ಭಿತ್ತಿ'ಯ ನಿರೂಪಕನಿಗೂ ಇರುವ ಅಂತರವನ್ನು ಎರಡು ವ್ಯಕ್ತಿತ್ವಗಳ ಅಂತರವಾಗಿ ಓದುವ ಮುನ್ನ ಎರಡು ಪ್ರಕಾರಗಳ ಅಂತರವಾಗಿ ಓದಬೇಕಾದ ಅಗತ್ಯವಿದೆ.

5

ವಾರಾನ್ನದ ಮನೆಗಳಿಲ್ಲದವರು ಓದಿದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ದಲಿತ ಆತ್ಮಕಥನಗಳಲ್ಲಿದೆ. ಸಿದ್ಧಲಿಂಗಯ್ಯನವರ 'ಊರು ಕೇರಿ' ಮತ್ತು ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಇವೆರಡೂ 1990ರ ದಶಕದಲ್ಲಿ ಬಂದು ಕನ್ನಡ ಗದ್ಯದ ದಿಕ್ಕನ್ನು ಬದಲಿಸಿದ ಕೃತಿಗಳು.

'ಊರು ಕೇರಿ'ಯ ಒಂದು ಕೇಂದ್ರ ಸ್ಥಳ ಬೆಂಗಳೂರಿನ ಗೋಪಾಲಪುರದ ವಿದ್ಯಾರ್ಥಿನಿಲಯ. ಹಸಿವು, ತಮಾಷೆ, ಗೆಳೆತನ, ಭಾಷಣ, ಹೋರಾಟಗಳೆಲ್ಲ ಅಲ್ಲಿ ಒಂದರೊಳಗೊಂದು ಬೆರೆತಿವೆ. ವಾರಾನ್ನದ ಮನೆಗೂ ಈ ವಿದ್ಯಾರ್ಥಿನಿಲಯಕ್ಕೂ ಇರುವ ವ್ಯತ್ಯಾಸ ಊಟದ ರುಚಿಯದಲ್ಲ. ವಾರಾನ್ನದಲ್ಲಿ ವಿದ್ಯಾರ್ಥಿ ಒಬ್ಬಂಟಿ. ಅವನ ನಂಟು ಮೇಲಿನವರೊಡನೆ, ಉಪಕಾರ ಮಾಡಿದವರೊಡನೆ. ವಿದ್ಯಾರ್ಥಿನಿಲಯದಲ್ಲಿ ಅವನ ನಂಟು ತನ್ನಂಥವರೊಡನೆ. ಮೊದಲನೆಯದು ಹಂಗನ್ನು ಹುಟ್ಟಿಸಿದರೆ ಎರಡನೆಯದು ಸಂಘಟನೆಯನ್ನು ಹುಟ್ಟಿಸುತ್ತದೆ. ಓದಲು ಬಂದ ಹುಡುಗರು ಹೋರಾಟದ ಒಡನಾಡಿಗಳಾಗಿ ಬೆಳೆಯಲು ಇಂಥ ಪಕ್ಕಪಕ್ಕದ ಚಾಪೆಗಳೂ ಒಂದು ಕಾರಣವೆಂಬುದು ಕೃತಿಯನ್ನು ಓದಿದವರಿಗೆ ಮನವರಿಕೆಯಾಗುತ್ತದೆ.

ಮಾಲಗತ್ತಿಯವರ ಕೃತಿಯ ಶೀರ್ಷಿಕೆ ನಮ್ಮ ಚರ್ಚೆಗೆ ನೇರವಾಗಿ ಸಂಬಂಧಿಸಿದೆ. ಸರ್ಕಾರದ ನೆರವು ಪಡೆಯುವ ದಲಿತ ವಿದ್ಯಾರ್ಥಿಯನ್ನು ಕುಟುಕುವ ಮಾತನ್ನೇ ಲೇಖಕರು ತಮ್ಮ ಬದುಕಿನ ಹೆಸರಾಗಿಸಿಕೊಂಡಿದ್ದಾರೆ. ಆ ಕುಟುಕಿನ ತರ್ಕವನ್ನು ಬಿಡಿಸಿ ನೋಡಬೇಕು. ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವನಿಗೆ ಸಿಕ್ಕಿದ್ದು ದಾಸೋಹ. ವಾರಾನ್ನದಲ್ಲಿ ಉಂಡವನಿಗೆ ಸಿಕ್ಕಿದ್ದು ಧರ್ಮ. ಬಂಧುವಿನ ಮನೆಯಲ್ಲಿ ಉಂಡವನಿಗೆ ಸಿಕ್ಕಿದ್ದು ಸಂಬಂಧ. ಸಂವಿಧಾನದ ಬಲದಿಂದ ವಿದ್ಯಾರ್ಥಿವೇತನ ಪಡೆದವನಿಗೆ ಸಿಕ್ಕಿದ್ದು ಮಾತ್ರ 'ಗೌರ್ಮೆಂಟಿನದು'. ನಾಲ್ಕೂ ಕಡೆ ನಡೆದದ್ದು ಒಂದೇ ಕ್ರಿಯೆ: ಕಾಯುವ ಶಕ್ತಿಯಿಲ್ಲದವನಿಗೆ ಯಾರೋ ಅದನ್ನು ಒದಗಿಸಿದರು. ಆದರೆ ಮೊದಲ ಮೂರು ನೆರವುಗಳು ಪಡೆದವನ ಛಲದ ಕಥೆಯೊಳಗೆ ಕರಗಿಹೋಗುತ್ತವೆ. ನಾಲ್ಕನೆಯದು ಮಾತ್ರ ಕರಗದೆ ಕಾಣುವಂತೆ ಉಳಿದು, ಛಲವನ್ನೇ ಮುಚ್ಚಿಬಿಡುತ್ತದೆ. ಕಣ್ಣಿಗೆ ಕಾಣದ ವಶೀಲಿಗೆ ಅರ್ಹತೆಯೆಂದು ಹೆಸರು. ಕಣ್ಣಿಗೆ ಕಾಣುವ ಹಕ್ಕಿಗೆ ವಶೀಲಿಯೆಂದು ಹೆಸರು. ಈ ತಲೆಕೆಳಗಾದ ನಾಮಕರಣವನ್ನು ಶೀರ್ಷಿಕೆಯಲ್ಲಿಯೇ ಬಯಲಿಗೆಳೆದದ್ದು ಆ ಕೃತಿಯ ದೊಡ್ಡ ಸಾಧನೆ.

6

ನಂಟು ಕೆಲಸವನ್ನು ಕೊಡಿಸಿದ ಮೇಲೆ ಏನಾಗುತ್ತದೆ ಎಂಬುದು ಇನ್ನೊಂದು ಪ್ರಶ್ನೆ. ಯಶವಂತ ಚಿತ್ತಾಲರ 'ಶಿಕಾರಿ' (1979) ಹೊಸ ಪದವೀಧರನ ಕಥೆಯಲ್ಲ. ಅದರ ನಾಗಪ್ಪ ಮುಂಬಯಿಯ ಕಂಪನಿಯೊಂದರಲ್ಲಿ ಮೇಲಕ್ಕೇರಿದವನು. ಆದರೂ ಅದನ್ನು ಇಲ್ಲಿ ನೆನೆಯಬೇಕು. ಏಕೆಂದರೆ ನಗರದ ಉದ್ಯೋಗಲೋಕದಲ್ಲಿ ಪರಿಚಯವೆಂಬುದು ಒಮ್ಮೆ ಉಪಯೋಗಿಸಿ ಬಿಡುವ ಏಣಿಯಲ್ಲ, ಎರಡೂ ಕಡೆ ಬಿಗಿಯುವ ಹಗ್ಗ ಎಂಬುದನ್ನು ಆ ಕಾದಂಬರಿಯಷ್ಟು ತೀವ್ರವಾಗಿ ತೋರಿಸಿದ ಕೃತಿಗಳು ಕಡಿಮೆ. ಊರಿನವನೇ ಆದ ಶ್ರೀನಿವಾಸನಿಗೆ ನಾಗಪ್ಪನ ಪೂರ್ವವೃತ್ತಾಂತ ಗೊತ್ತಿದೆ. ಗೊತ್ತಿರುವುದೇ ಆಯುಧವಾಗುತ್ತದೆ. ಬಲ್ಲವರಿದ್ದರೆ ಒಳ್ಳೆಯದು ಎಂಬ ನಂಬಿಕೆಯ ಮಗ್ಗುಲಲ್ಲಿ ಬಲ್ಲವರಿದ್ದಾರಲ್ಲ ಎಂಬ ಭಯವೂ ಇದೆ.

ವಿವೇಕ ಶಾನಭಾಗರ 'ಘಾಚರ್ ಘೋಚರ್' (2013) ಇದರ ಇನ್ನೊಂದು ತುದಿ. ಅಲ್ಲಿನ ನಿರೂಪಕ ಕೆಲಸ ಹುಡುಕಬೇಕಾಗಿಯೇ ಇಲ್ಲ. ಚಿಕ್ಕಪ್ಪ ಕಟ್ಟಿದ ಮಸಾಲೆ ವ್ಯಾಪಾರದಲ್ಲಿ ಅವನು ಹೆಸರಿಗೆ ನಿರ್ದೇಶಕ. ಸಂಬಳ ಬರುತ್ತದೆ, ಕೆಲಸವಿಲ್ಲ. ಹೆಂಡತಿ ಅನಿತಾ ಎತ್ತುವ ಪ್ರಶ್ನೆ ಈ ಸುಖದ ಟೊಳ್ಳನ್ನು ಬಯಲಿಗೆ ತರುತ್ತದೆ. ನಂಟು ಪರಿಪೂರ್ಣವಾಗಿದ್ದು ಛಲಕ್ಕೆ ಅವಕಾಶವೇ ಇಲ್ಲದಾಗ ಮನುಷ್ಯ ಏನಾಗುತ್ತಾನೆ ಎಂಬುದಕ್ಕೆ ಈ ಕಿರುಕಾದಂಬರಿ ನಿದರ್ಶನ. ರಾಮನಿಗೆ ಪದವಿಯಿದ್ದು ನಂಟಿರಲಿಲ್ಲ. ಇವನಿಗೆ ನಂಟಿದ್ದು ತಾನೇ ಇಲ್ಲ. ಸುಮಾರು 70 ವರ್ಷಗಳ ಅಂತರದ ಈ ಎರಡು ಕೃತಿಗಳನ್ನು ಜೊತೆಗಿಟ್ಟು ಓದಿದಾಗ, ಉದ್ಯೋಗವೆಂಬುದು ಸಂಬಳ ಮಾತ್ರವಲ್ಲ, ತಾನು ಯಾರಿಗೋ ಬೇಕಾದವನು ಎಂಬ ಅರಿವು ಕೂಡ ಎಂಬುದು ಸ್ಪಷ್ಟವಾಗುತ್ತದೆ.

7

ಸಾಹಿತ್ಯದಿಂದ ಹೊರಟ ಈ ಗ್ರಹಿಕೆಯನ್ನು ಸಮಾಜವಿಜ್ಞಾನದ ಅಧ್ಯಯನಗಳೊಡನೆ ಹೋಲಿಸಿ ನೋಡುವುದು ಉಚಿತ. ಅಮೆರಿಕದ ಸಮಾಜವಿಜ್ಞಾನಿ ಮಾರ್ಕ್ ಗ್ರಾನೊವೆಟರ್ 1973ರ ಲೇಖನದಲ್ಲಿಯೂ 1974ರ ಗ್ರಂಥದಲ್ಲಿಯೂ ಮಂಡಿಸಿದ ವಾದ ಪ್ರಸಿದ್ಧವಾದುದು. ಬಾಸ್ಟನ್ ಬಳಿಯ ನ್ಯೂಟನ್ ಪಟ್ಟಣದ ವೃತ್ತಿನಿರತರನ್ನು ಕುರಿತ ಅವರ ಅಧ್ಯಯನದ ಪ್ರಕಾರ, ಉದ್ಯೋಗದ ಸುದ್ದಿಯನ್ನು ತಂದುಕೊಟ್ಟವರು ಬಹುಪಾಲು ಆಪ್ತರಲ್ಲ, ಅಪರೂಪಕ್ಕೆ ಭೇಟಿಯಾಗುವ ಪರಿಚಿತರು. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಸಡಿಲ ನಂಟಿನವರು ಬೇರೊಂದು ವಲಯದ ಸುದ್ದಿಯನ್ನು ತರುತ್ತಾರೆ. ಲಿಂಕ್ಡ್‌ಇನ್ ಜಾಲತಾಣದ ಸುಮಾರು 2 ಕೋಟಿ ಬಳಕೆದಾರರನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವೂ ತೀರ ಆಪ್ತವಲ್ಲದ, ತೀರ ದೂರವೂ ಅಲ್ಲದ ನಂಟುಗಳೇ ಉದ್ಯೋಗ ಬದಲಾವಣೆಗೆ ಹೆಚ್ಚು ನೆರವಾಗುತ್ತವೆ ಎಂದು ಕಂಡುಕೊಂಡಿತು.

ಈ ಸಿದ್ಧಾಂತವನ್ನು ನಮ್ಮ ಸಂದರ್ಭಕ್ಕೆ ಹಾಗೆಯೇ ಅನ್ವಯಿಸಲಾಗದು. ಸಡಿಲ ನಂಟು ಎಲ್ಲರಿಗೂ ಸಮಾನವಾಗಿ ಹಂಚಿಕೆಯಾಗಿಲ್ಲ. ಮದುವೆಯ ಮನೆಯಲ್ಲಿ ಒಮ್ಮೆ ಕಂಡ ದೂರದ ಬಂಧು ಕಂಪನಿಯ ವ್ಯವಸ್ಥಾಪಕನಾಗಿರುವುದು ಕೆಲವರ ಮದುವೆಗಳಲ್ಲಿ ಮಾತ್ರ. ಅಶ್ವಿನಿ ದೇಶಪಾಂಡೆ ಮತ್ತು ಕ್ಯಾಥರೀನ್ ನ್ಯೂಮನ್ ಅವರು ದೆಹಲಿಯ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳನ್ನು ಕುರಿತು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಒಂದೇ ಬಗೆಯ ಪದವಿ ಪಡೆದವರಲ್ಲಿಯೂ ದಲಿತ ವಿದ್ಯಾರ್ಥಿಗಳಿಗೆ ಇಂಥ ಸಂಪರ್ಕಗಳ ಕೊರತೆಯಿರುವುದನ್ನು ಗುರುತಿಸಿತು. ಅದೇ ವರ್ಷ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಪ್ರಕಟಿಸಿದ ಪ್ರಯೋಗ ಇನ್ನೂ ನೇರವಾದುದು. ಪತ್ರಿಕೆಗಳ ಉದ್ಯೋಗ ಜಾಹೀರಾತುಗಳಿಗೆ ಸಮಾನ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಕಳುಹಿಸಿದಾಗ, ದಲಿತ ಮತ್ತು ಮುಸ್ಲಿಂ ಹೆಸರುಗಳಿಗೆ ಕರೆ ಬರುವ ಸಾಧ್ಯತೆ ಕಡಿಮೆಯಿತ್ತು. ಹೆಸರೇ ಶಿಫಾರಸು ಪತ್ರವಾಗಿಯೂ ತಿರಸ್ಕಾರ ಪತ್ರವಾಗಿಯೂ ಕೆಲಸ ಮಾಡಿತು. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮವನ್ನು ಅಧ್ಯಯನ ಮಾಡಿ ಕ್ಯಾರಲ್ ಉಪಾಧ್ಯ ಮತ್ತು ಎ. ಆರ್. ವಾಸವಿ 2006ರಲ್ಲಿ ಸಲ್ಲಿಸಿದ ವರದಿಯೂ, ಅರ್ಹತೆಯೊಂದನ್ನೇ ನೋಡುತ್ತೇವೆಂದು ಹೇಳಿಕೊಳ್ಳುವ ಆ ಉದ್ಯಮದ ನೌಕರರಲ್ಲಿ ನಗರದ ಮಧ್ಯಮವರ್ಗದ ಮೇಲುಜಾತಿಗಳವರೇ ಹೆಚ್ಚೆಂಬುದನ್ನು ತೋರಿಸಿಕೊಟ್ಟಿತು.

ಛಲದ ಕಡೆಯಿಂದ ನೋಡಿದರೂ ಚಿತ್ರ ಬೇರೆಯಾಗುವುದಿಲ್ಲ. ಧಾರವಾಡದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಸ್ಪರ್ಧಾ ಪರೀಕ್ಷೆಗೆ ಸಿದ್ಧರಾಗುವ ಪದವೀಧರರ ಒಂದು ಲೋಕವೇ ಇದೆ. ಬಾಡಿಗೆ ಕೋಣೆ, ವಾಚನಾಲಯದ ಕುರ್ಚಿ, ಮೆಸ್ಸಿನ ಊಟ, ಅರ್ಜಿ ಶುಲ್ಕ, ಏರುತ್ತಿರುವ ವಯಸ್ಸು ಇವು ಅಲ್ಲಿನ ಛಲದ ದಿನನಿತ್ಯದ ಲೆಕ್ಕ. ರಾಜ್ಯದ 2011ನೇ ಸಾಲಿನ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಆಯ್ಕೆಪಟ್ಟಿಯನ್ನು ಸರ್ಕಾರ 2014ರಲ್ಲಿ ಹಿಂತೆಗೆದುಕೊಂಡಿತು. ನ್ಯಾಯಾಲಯಗಳನ್ನು ಹಾದು ಕೊನೆಗೆ 2022ರಲ್ಲಿ ಶಾಸನದ ಮೂಲಕ ಆ ನೇಮಕಾತಿಗೆ ದಾರಿಯಾಯಿತು. 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣದಿಂದ 2022ರಲ್ಲಿ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ತಪ್ಪು ಯಾರದೇ ಇರಲಿ, ಕಾಯುವ ಶಿಕ್ಷೆ ಪ್ರಾಮಾಣಿಕರಿಗೂ ತಪ್ಪಲಿಲ್ಲ. ಎರಡು ವರ್ಷ ಹೆಚ್ಚು ಕಾಯಬಲ್ಲವನು ಉಳಿದ. ಮನೆಯಿಂದ ಹಣ ಬರುವುದು ನಿಂತವನು ಪುಸ್ತಕ ಕಟ್ಟಿಟ್ಟು ಊರಿಗೆ ಹೋದ. ಅವನಲ್ಲಿ ಛಲ ಕಡಿಮೆಯಿತ್ತೆಂದು ಹೇಳುವ ಅಧಿಕಾರ ನಮಗಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಮಾತು ಇನ್ನೂ ಕಠಿಣವಾಗಿ ಸಲ್ಲುತ್ತದೆ. ಮಗನ ಕಾಯುವಿಕೆಯನ್ನು ತಯಾರಿಯೆಂದು ಕರೆಯುವ ಮನೆ, ಮಗಳ ಕಾಯುವಿಕೆಯನ್ನು ಮದುವೆಗೆ ತಡವೆಂದು ಎಣಿಸುತ್ತದೆ. ಇಲ್ಲಿ ಚರ್ಚಿಸಿದ ಕೃತಿಗಳಲ್ಲಿ ಉದ್ಯೋಗವನ್ನರಸುವವನು ಗಂಡಾಗಿಯೂ, ಅವನ ಅಲೆದಾಟವನ್ನು ಸಾಧ್ಯವಾಗಿಸುವವಳು ಹೆಣ್ಣಾಗಿಯೂ ಇರುವುದು ಆಕಸ್ಮಿಕವಲ್ಲ. ಈ ಲೇಖನದ ಶೀರ್ಷಿಕೆಯಲ್ಲಿ 'ಪದವೀಧರನ' ಎಂಬ ಪುಲ್ಲಿಂಗ ರೂಪ ಉಳಿದಿರುವುದು ಆ ಕೊರತೆಯನ್ನು ಮರೆಮಾಚಬಾರದೆಂಬ ಕಾರಣಕ್ಕೆ.

ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು 2023ರಲ್ಲಿ ಪ್ರಕಟಿಸಿದ ದುಡಿಮೆಯ ಸ್ಥಿತಿಗತಿ ವರದಿಯ ಪ್ರಕಾರ ದೇಶದ 25 ವರ್ಷದೊಳಗಿನ ಪದವೀಧರರಲ್ಲಿ ನಿರುದ್ಯೋಗದ ಪ್ರಮಾಣ ಶೇ. 42ಕ್ಕಿಂತ ಹೆಚ್ಚು. ಕರ್ನಾಟಕ ಸರ್ಕಾರ 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆ ನೀಡಿದ ಯುವನಿಧಿ ಯೋಜನೆಯು ಕೆಲಸ ದೊರೆಯದ ಹೊಸ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1500 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ಕೊಡುವ ಏರ್ಪಾಡು. ಈ ಮೊತ್ತ ಸಾಕೇ ಎಂಬ ಚರ್ಚೆ ಅರ್ಥಶಾಸ್ತ್ರಜ್ಞರದು. ಸಾಹಿತ್ಯ ವಿಮರ್ಶೆಯ ದೃಷ್ಟಿಯಿಂದ ಗಮನಾರ್ಹವಾದುದು ಆ ಯೋಜನೆಯ ಹಿಂದಿರುವ ಒಪ್ಪಿಗೆ: ಕಾಯುವುದಕ್ಕೆ ವೆಚ್ಚವಿದೆ, ಆ ವೆಚ್ಚವನ್ನು ಮನೆಯೊಂದೇ ಭರಿಸಬೇಕಾಗಿಲ್ಲ ಎಂಬುದು. ನಾಗವೇಣಿಯ ದುಡಿಮೆಯಲ್ಲಿ, ವಾರಾನ್ನದ ಮನೆಗಳಲ್ಲಿ, ಗೋಪಾಲಪುರದ ವಿದ್ಯಾರ್ಥಿನಿಲಯದಲ್ಲಿ ಕನ್ನಡ ಕಥನಗಳು ಹಿಂದೆಯೇ ತೋರಿಸಿದ ಸಂಗತಿಯಿದು.

8

ಈ ವಾದಕ್ಕೆ ಒಂದು ಆಕ್ಷೇಪ ಬರಬಹುದು. ಛಲದ ಹಿಂದೆಯೂ ನಂಟಿದೆ ಎಂದು ಹೇಳಿದರೆ ವ್ಯಕ್ತಿಯ ಪ್ರಯತ್ನದ ಬೆಲೆ ಕುಗ್ಗುವುದಿಲ್ಲವೇ? ವಶೀಲಿಯೂ ಛಲವೂ ಒಂದೇ ಎಂದಾದರೆ ಲಂಚಕ್ಕೂ ವಾರಾನ್ನಕ್ಕೂ ಭೇದವೆಲ್ಲಿ? ಭೇದವಿದೆ. ಇತರರ ಸರದಿಯನ್ನು ಕಸಿದುಕೊಂಡು ಒಬ್ಬನನ್ನು ಮುಂದೆ ತಳ್ಳುವ ನಂಟು ಒಂದು ಬಗೆಯದು. ಸರದಿಯಲ್ಲಿ ನಿಲ್ಲುವ ಶಕ್ತಿಯನ್ನು ಕೊಡುವ ನಂಟು ಇನ್ನೊಂದು ಬಗೆಯದು. ಮೊದಲನೆಯದನ್ನು ಕಟುವಾಗಿ ವಿರೋಧಿಸುತ್ತಲೇ ಎರಡನೆಯದನ್ನು ವಿಸ್ತರಿಸುವುದು ಸಾಧ್ಯ ಮತ್ತು ಅಗತ್ಯ. ಈ ಎರಡನ್ನೂ ಒಂದೇ ಪದದಿಂದ ಕರೆಯುವುದರಿಂದಲೇ ನಮ್ಮ ಚರ್ಚೆಗಳು ಹಳಿ ತಪ್ಪುತ್ತಿವೆ. ವ್ಯಕ್ತಿಯ ಪ್ರಯತ್ನವನ್ನಂತೂ ಈ ಓದು ಕುಗ್ಗಿಸುವುದಿಲ್ಲ. ಆ ಪ್ರಯತ್ನಕ್ಕೆ ಹೆಗಲು ಕೊಟ್ಟವರನ್ನು ಕಥನದೊಳಕ್ಕೆ ಮರಳಿ ತರುತ್ತದೆ, ಅಷ್ಟೆ.

ಕೊನೆಯದಾಗಿ, ಸಂಶೋಧಕರು ಮತ್ತು ಗ್ರಂಥಾಲಯಗಳ ಗಮನಕ್ಕೆ ಒಂದು ಮಾತು. ಗೆದ್ದವರ ಆತ್ಮಕಥನಗಳು ನಮ್ಮ ಕಪಾಟುಗಳಲ್ಲಿ ಸಾಲುಸಾಲಾಗಿವೆ. ಗೆಲ್ಲದವರ ಬರಹ ಎಲ್ಲಿದೆ? ಉತ್ತರ ಬಾರದ ಅರ್ಜಿಗಳ ನಕಲು, ಸಂದರ್ಶನಕ್ಕೆ ಹೋಗಿ ಬಂದ ದಿನದ ಟಿಪ್ಪಣಿ, ಊರಿಗೆ ಹಣ ಕೇಳಿ ಬರೆದ ಪತ್ರ, ವಿದ್ಯಾರ್ಥಿನಿಲಯದ ಕೈಬರಹದ ಪತ್ರಿಕೆ ಇವುಗಳನ್ನು ನಾವು ಸಾಹಿತ್ಯದ ಆಕರಗಳೆಂದು ಸಂಗ್ರಹಿಸಿಲ್ಲ. ಹಳೆಯ ಟ್ರಂಕುಗಳಲ್ಲಿ ಅವು ಇನ್ನೂ ಉಳಿದಿರುವಾಗಲೇ ಸಂಗ್ರಹ ಕಾರ್ಯ ಆರಂಭವಾಗಬೇಕು. ಉಮೇದುವಾರನೆಂದರೆ ಆಸೆಯುಳ್ಳವನೆಂದು ಅರ್ಥವಷ್ಟೆ. ಆಸೆ ಕೈಗೂಡಿದವನ ಕಥೆಯನ್ನು ಮಾತ್ರ ಓದಿ ಆ ಪದವನ್ನು ಅರಿತೆವೆಂದು ಹೇಳಲಾಗದು.